ಬೀಳದ ಕಾಯಿ

ನನ್ನ ಮಗಳ ತಲೆಯ ಮೇಲೆ ತೆಂಗಿನಕಾಯಿ ಬೀಳಲಿಲ್ಲ. ಬಿತ್ತೆಂದು ಊರು ನಂಬಿತು, ನಂಬಿಕೊಳ್ಳಲಿ ಎಂದು ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೂ ಸುಳ್ಳೇ — ಆ ದಿನ ಮರದ ಮೇಲಿದ್ದವನು ಕೈಮುಗಿದುಕೊಂಡು ನಮ್ಮ ಅಂಗಳಕ್ಕೆ ಬಂದಾಗ ನಾನು ಅವನನ್ನು ಕ್ಷಮಿಸಿದೆ. ಮಾಡದ ತಪ್ಪಿಗೆ ಒಬ್ಬ ಮನುಷ್ಯನನ್ನು ಕ್ಷಮಿಸಿಬಿಟ್ಟೆ. ಆ ಕ್ಷಮೆಯ ಹೆಸರಿನಲ್ಲಿ ಹದಿಮೂರು ವರ್ಷ ಊರಿನವರ ಬಾಯಲ್ಲಿ ದೊಡ್ಡ ಮನಸ್ಸಿನ ಹೆಂಗಸು ಎನಿಸಿಕೊಂಡು ಓಡಾಡಿದೆ.

ಮೊದಲು ಸಂತೋಷದ ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಎದೆ ಹಿಡಿದುಕೊಂಡು ಓದಬೇಕಾಗುತ್ತದೆ. ಮಗಳು ಚೈತ್ರ ಚೆನ್ನಾಗಿದ್ದಾಳೆ. ಹತ್ತೊಂಬತ್ತು ತುಂಬಿದೆ. ನೊಣವಿನಕೆರೆಯ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ತಿಪಟೂರಿನ ಕಾಲೇಜಿಗೆ ಹೋಗಿಬರುತ್ತಾಳೆ. ಸ್ಕೂಟಿ ಕಲಿಯುತ್ತೇನೆಂದು ಹಟ ಹಿಡಿದು ನಮ್ಮ ಗೇಟಿಗೂ ಗುದ್ದಿದ್ದಾಳೆ, ತಿಪ್ಪೆಗೂ ಇಳಿಸಿದ್ದಾಳೆ. ಬಲಗಿವಿ ಸ್ವಲ್ಪ ಮಂದ. ಆ ಮಂದವನ್ನು ಅವಳು ನಾನು ಪಾತ್ರೆ ತೊಳೆಯಲು ಕರೆದಾಗ ಮಾತ್ರ ಉಪಯೋಗಿಸುತ್ತಾಳೆ. ನಡೆಯುವಾಗ ಎಡಗಡೆಗೆ ಒಂಚೂರು ವಾಲುತ್ತಾಳೆ. ಗೊತ್ತಿಲ್ಲದವರು ಅದನ್ನು ಠೀವಿ ಎಂದುಕೊಳ್ಳುತ್ತಾರೆ, ಅವಳೂ ಅವರನ್ನು ತಿದ್ದಲು ಹೋಗುವುದಿಲ್ಲ.

ಇನ್ನು ತಪ್ಪಿನ ವಿಷಯ.

ಚೈತ್ರ ಆಗ ಆರು ವರ್ಷದವಳು. ಬೆಳಿಗ್ಗೆ ಎದ್ದ ಕೂಡಲೇ ವಾಂತಿ ಮಾಡುತ್ತಿದ್ದಳು, ಆಮೇಲೆ ಏನೂ ಆಗಿಲ್ಲವೆಂಬಂತೆ ರೊಟ್ಟಿ ತಿನ್ನುತ್ತಿದ್ದಳು. ಪಿತ್ತ ಎಂದೆವು. ಕೊಬ್ಬರಿ ಬೆಲ್ಲ ಹೆಚ್ಚು ತಿಂದಳು ಎಂದೆವು. ನಮ್ಮ ಕಡೆ ಮಕ್ಕಳಿಗೆ ಏನೇ ಆದರೂ ಮೊದಲು ಬೈಸಿಕೊಳ್ಳುವುದು ಕೊಬ್ಬರಿ. ಟಿವಿ ನೋಡುವಾಗ ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡುತ್ತಿದ್ದಳು, ಅದನ್ನು ನಾವೆಲ್ಲ ಬೆಡಗು ಎಂದು ನಕ್ಕೆವು. ಸಮ ನೆಲದಲ್ಲೂ ಎಡವುತ್ತಿದ್ದಳು — ನೋಡಿಕೊಂಡು ನಡಿಯೇ ಎಂದು ನಾನು ಎಷ್ಟು ಸಲ ಗದರಿದೆನೋ. ಆ ಗದರಿಕೆಯನ್ನೂ ಈಗ ಒಪ್ಪಿಸಿಬಿಡಬೇಕು, ಆದರೆ ಅದು ಸಣ್ಣದು.

ಅಂಥ ದಿನಗಳಲ್ಲೇ ತೋಟದ ಕಾಯಿ ಕೀಳಿಸುವ ದಿನ ಬಂತು. ನಮ್ಮ ತೋಟಕ್ಕೆ ಬರುತ್ತಿದ್ದವನು ಗೋವಿಂದಣ್ಣ. ನಮ್ಮ ಬೀದಿಯವನೇ, ನನಗಿಂತ ಹತ್ತು ವರ್ಷ ದೊಡ್ಡವನು. ಮರ ಹತ್ತುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ಅವನಿಗೆ ಸಾಟಿ ಇರಲಿಲ್ಲ. ಬುಡದಲ್ಲಿ ನಿಂತು ಬೀಡಿ ಆರಿಸಿದನೆಂದರೆ ನಾವು ತಿರುಗಿ ನೋಡುವಷ್ಟರಲ್ಲಿ ಗೊನೆಯ ಹತ್ತಿರ ಇರುತ್ತಿದ್ದ. ಮೇಲೆ ಕೂತು ಊರಿನ ಸುದ್ದಿ ಕೂಗಿ ಹೇಳುವ ಚಟ ಬೇರೆ. ಯಾರ ಮನೆಗೆ ನೆಂಟರು ಬಂದರು, ಯಾರ ಹಸು ಯಾರ ಹೊಲಕ್ಕೆ ನುಗ್ಗಿತು — ಎಲ್ಲವೂ ನಮಗೆ ಅವನ ಬಾಯಿಂದಲೇ ತಿಳಿಯುತ್ತಿತ್ತು. ಕಾಯಿ ಬೀಳಿಸುವ ಮೊದಲು ಮಾತ್ರ ಸುದ್ದಿ ನಿಲ್ಲಿಸಿ, "ಕೆಳಗೆ ಯಾರೂ ಇಲ್ವಾ" ಎಂದು ಕೇಳಿಯೇ ಕತ್ತಿ ಬೀಸುತ್ತಿದ್ದ.

ಆ ದಿನವೂ ಕೇಳಿದ. ನಾನೇ "ಇಲ್ಲ" ಎಂದೆ. ಅಷ್ಟರಲ್ಲಿ ಚೈತ್ರ ಮನೆಯ ಕಡೆಯಿಂದ ನೀರಿನ ಚೊಂಬು ಹಿಡಿದು ಓಡಿ ಬಂದಳು. ಕಾಯಿ ಬದುವಿನ ಮೇಲೆ ಬಿತ್ತು, ಅವಳಿಂದ ಬಹಳ ಆಚೆ. ನಾನು ಕಣ್ಣಾರೆ ಕಂಡೆ — ಇದನ್ನು ಒತ್ತಿ ಹೇಳುತ್ತಿದ್ದೇನೆ, ಕಣ್ಣಾರೆ ಕಂಡೆ. ಕಾಯಿ ಉರುಳಿ ಕಾಲುವೆಗೆ ಹೋಯಿತು. ಆಮೇಲೆ, ತನ್ನ ಪಾಡಿಗೆ ತಾನು, ಮಗು ಕಾಲಿಗೆ ಕಾಲು ತೊಡರಿದಂತಾಗಿ ಬಿದ್ದಳು. ಏಳಲಿಲ್ಲ. ವಾಂತಿ ಮಾಡಿದಳು, ಕಣ್ಣು ಮೇಲೆ ಮಾಡಿದಳು. ಕಾಯಿ ಆರಿಸುತ್ತಿದ್ದ ಹೆಂಗಸರು "ಮಗೀನ ಮೇಲೆ ಕಾಯಿ ಬಿತ್ತು" ಎಂದು ಓಡಿ ಬಂದರು. ಮರದ ಮೇಲಿನ ಸುದ್ದಿ ನಿಂತುಹೋಯಿತು.

ತಿಪಟೂರಿನ ಡಾಕ್ಟರಿಗೆ ನಾನು ನಿಜ ಹೇಳಿದೆ. ಕಾಯಿ ಬೀಳಲಿಲ್ಲ, ಸುಮಾರು ದಿನದಿಂದ ಬೆಳಿಗ್ಗೆ ಹೊತ್ತು ವಾಂತಿ, ತಲೆ ಓರೆ ಮಾಡುತ್ತಾಳೆ, ಎಡವುತ್ತಾಳೆ ಎಂದೆ. ಅವರು ಅವಳ ಕಣ್ಣಿನೊಳಗೆ ದೀಪ ಹಾಕಿ ನೋಡಿ, ಹೆಚ್ಚು ಮಾತಾಡದೆ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದರು. ಸಣ್ಣ ಮೆದುಳಿಗೆ ಅಂಟಿಕೊಂಡಂತೆ ಒಂದು ಗಡ್ಡೆ; ಮಕ್ಕಳಿಗೆ ಬಹಳ ಅಪರೂಪಕ್ಕೆ ಬರುವಂಥದ್ದು. ಅದರ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ಅವಳು ತೋಟದಲ್ಲಿ ಬಿದ್ದದ್ದರಿಂದ ಬಂದದ್ದಲ್ಲ ಇದು, ಯಾರ ತಪ್ಪೂ ಅಲ್ಲ ಎಂದು ಅಲ್ಲಿನ ಡಾಕ್ಟರಮ್ಮ ನನ್ನ ಕೈ ಹಿಡಿದು ಹೇಳಿದರು. ಯಾರ ತಪ್ಪೂ ಅಲ್ಲ — ಆ ಮಾತನ್ನು ನಾನು ಊರಿಗೆ ಹೊತ್ತು ತರಬೇಕಿತ್ತು.

ಆಪರೇಷನ್ನಿಗೆ ಮೊದಲು ಬಟ್ಟೆಬರೆ ತರಲು ನಾನೊಬ್ಬಳೇ ಊರಿಗೆ ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯೋಚಿಸಿದ್ದು ಒಂದೇ. ತಲೆಯಲ್ಲಿ ಗಡ್ಡೆ ಎಂದರೆ ಜನ ಏನೆನ್ನುತ್ತಾರೆ? ಯಾವ ಜನ್ಮದ್ದು ಎನ್ನುತ್ತಾರೆ, ನಮ್ಮ ತವರಿನಲ್ಲಿ ಯಾರಿಗಿತ್ತು ಎಂದು ಬಗೆಯುತ್ತಾರೆ. ಶಾಲೆಯಲ್ಲಿ ಪಕ್ಕದಲ್ಲಿ ಕೂರಬೇಡ ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಮುಂದೆ ಗಂಡು ಹುಡುಕುವ ಕಾಲಕ್ಕೆ — ಮಗು ಬದುಕುತ್ತದೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ ನಾನು ಗಂಡಿನವರೆಗೂ ಹೋಗಿದ್ದೆ ನೋಡಿ. ಕಾಯಿ ಬಿದ್ದರೆ ಹಾಗಲ್ಲ. ನಮ್ಮ ಸೀಮೆಯಲ್ಲಿ ಕಾಯಿ ಯಾರ ಮೇಲೆ ಬೇಕಾದರೂ ಬೀಳಬಹುದು. ಅದಕ್ಕೆ ಮರುಕವಿದೆ, ಕಳಂಕವಿಲ್ಲ.

ಅಂಗಳಕ್ಕೆ ಕಾಲಿಟ್ಟರೆ ಗೋವಿಂದಣ್ಣ ಮತ್ತು ಅವನ ಹೆಂಡತಿ ಪುಟ್ಟಮ್ಮ ನನಗಾಗಿ ಕಾದು ನಿಂತಿದ್ದರು. ಅತ್ತು ಅತ್ತು ಪುಟ್ಟಮ್ಮನ ಮುಖ ಊದಿತ್ತು. ಅವನು ಕೈಮುಗಿದವನು ಕೈ ಇಳಿಸಲೇ ಇಲ್ಲ.

"ನನ್ ಕೈಯಿಂದ್ಲೇ ಆಗೋಯ್ತಾ ಕಮಲಕ್ಕ" ಎಂದ.

ಒಂದೇ ಮಾತು ಸಾಕಿತ್ತು. ಇಲ್ಲ — ಅಷ್ಟೇ. ನಾಲಿಗೆಯ ತುದಿಗೆ ಬಂದಿತ್ತು. ಬೀದಿಯಲ್ಲಿ ಆಗಲೇ ನಾಲ್ಕು ಜನ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ಅವರನ್ನು ನೋಡಿದೆ, ಆಮೇಲೆ ಅವನನ್ನು ನೋಡಿದೆ.

"ಆಗಿದ್ದು ಆಗೋಯ್ತು ಬುಡು ಗೋವಿಂದಣ್ಣ" ಎಂದೆ. "ನೀನೇನು ಬೇಕು ಅಂತ ಮಾಡಿದ್ಯಾ."

ಪುಟ್ಟಮ್ಮ ನನ್ನ ಕಾಲು ಹಿಡಿದುಕೊಂಡಳು. ಆ ಹೆಂಗಸಿನ ಕಣ್ಣೀರು ನನ್ನ ಪಾದದ ಮೇಲೆ ಬಿಸಿಯಾಗಿ ಬಿದ್ದದ್ದು ನನಗೆ ಈಗಲೂ ಗೊತ್ತಾಗುತ್ತದೆ. ಬೀದಿಯಲ್ಲಿದ್ದವರು, ಇಂಥ ತಾಯಿ ಉಂಟೇ, ಬೇರೆಯವರಾಗಿದ್ದರೆ ಪೊಲೀಸಿಗೆ ಹೋಗುತ್ತಿದ್ದರು ಎಂದು ಮಾತಾಡಿಕೊಂಡರು. ಅತ್ತೆ ಹೇಳಿಕೊಟ್ಟರು ಎನ್ನೋಣವೆಂದರೆ ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ನಮ್ಮ ಯಜಮಾನರು ವಿಷಯ ತಿಳಿದು, ಇದು ಸರಿಯಲ್ಲ ಕಮಲ ಎಂದರು. ಅವರ ಬಾಯಿಯನ್ನೂ ನಾನೇ ಮುಚ್ಚಿಸಿದೆ. ಇದರಲ್ಲಿ ಪಾಲು ಕೊಡಲು ನನಗೆ ಬೇರೆ ಯಾರೂ ಇಲ್ಲ.

ಆಸ್ಪತ್ರೆಯ ದಿನಗಳನ್ನು ನೆನೆದರೆ ಅಳು ಬರಬೇಕು, ನನಗೆ ಯಾಕೋ ನಗುವೇ ಬರುತ್ತದೆ. ಹೆದರಿಕೆ ಇರಲಿಲ್ಲವೆಂದಲ್ಲ. ಆಪರೇಷನ್ ಬಾಗಿಲ ಹೊರಗೆ ಕೂತ ಆ ಹಗಲು ನನ್ನ ಶತ್ರುವಿಗೂ ಬೇಡ. ಆದರೆ ಕಣ್ಣುಬಿಟ್ಟ ಮೇಲೆ ಚೈತ್ರ ಮೊದಲು ಕೇಳಿದ್ದು ರೊಟ್ಟಿ. ಕೊಡಬಾರದೆಂದಾಗ ನರ್ಸಿಗೆ, "ನಿಮ್ಮನೇಲಿ ರಾಗಿ ಇಲ್ವಾ" ಎಂದಳು. ಅದೂ ಎಳೆದೆಳೆದು, ತೊದಲಿಕೊಂಡು. ನಾಲಿಗೆ ಸರಿಯಾಗಿ ತಿರುಗುತ್ತಿರಲಿಲ್ಲ, ಆದರೂ ಜಗಳ ತಿರುಗುತ್ತಿತ್ತು. ಗಡ್ಡೆಯನ್ನು ಪೂರ್ತಿ ತೆಗೆದಿದ್ದೇವೆ ಎಂದು ಡಾಕ್ಟರಮ್ಮ ಹೇಳಿದ ದಿನ ನಾನೂ ಯಜಮಾನರೂ ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ಹೇಳಿ, ತಿನ್ನಲಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹುಚ್ಚರಂತೆ ನಕ್ಕೆವು. ಮಾಣಿ ಬಂದು, ಚಟ್ನಿ ಸರಿಯಿಲ್ವಾ ಸಾರ್ ಎಂದು ವಿಚಾರಿಸಿದ.

ಆಮೇಲೆ ಕರೆಂಟು ಕೊಡುವುದು — ರೇಡಿಯೇಷನ್ನಿಗೆ ವಾರ್ಡಿನಲ್ಲಿ ಎಲ್ಲರೂ ಹಾಗೆಯೇ ಅನ್ನುವುದು. ಮುಖಕ್ಕೆ ಸರಿಯಾಗಿ ಅಚ್ಚು ತೆಗೆದ ಒಂದು ಮುಖವಾಡ ಹಾಕಿ ಅಲ್ಲಾಡದಂತೆ ಮೇಜಿಗೆ ಬಿಗಿಯುತ್ತಾರೆ. ತುಂಬ ತೂತುಗಳಿರುವ, ಬಲೆಯಂಥ ಮುಖವಾಡ. ಬೇರೆ ಮಕ್ಕಳು ಕಿರುಚುತ್ತಿದ್ದರು. ಚೈತ್ರ ಮೊದಲ ದಿನ ಕಿರುಚಿದಳು, ಎರಡನೇ ದಿನ ಒಂದು ಆಟ ಕಟ್ಟಿಕೊಂಡಳು. ತಾನು ಮೀನು, ಅದು ಬಲೆ. ಬಲೆ ಹಾಕುವ ಅಣ್ಣ, ಸಿಕ್ಕಿಬಿತ್ತು ಮೀನು ಎನ್ನಬೇಕು, ಬಿಚ್ಚುವಾಗ ತಪ್ಪಿಸಿಕೊಂಡುಬಿಟ್ಟಿತಲ್ಲ ಎಂದು ಪೇಚಾಡಬೇಕು. ಪೇಚಾಟದಲ್ಲಿ ಕೊರತೆ ಕಂಡರೆ ಮತ್ತೆ ಮಾಡಿಸುತ್ತಿದ್ದಳು. ಕೂದಲು ಉದುರಿತು, ಅವಳು ಕನ್ನಡಿ ನೋಡಿ, "ಅಪ್ಪನ ಥರಾನೇ ಆಗೋದೆ" ಎಂದು ಖುಷಿಪಟ್ಟಳು. ಖುಷಿಪಡದೆ ಉಳಿದವರು ಅವರಪ್ಪ ಮಾತ್ರ.

ಊರಿಗೆ ಬಂದಾಗ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಸಣ್ಣ ಮೆದುಳಿಗೆ ಪೆಟ್ಟಾದರೆ ಕಾಲಿಗೆ ಅಂಕೆ ತಪ್ಪುತ್ತದೆ. ದಿನವೂ ನಡೆಸಬೇಕು, ನಿಧಾನಕ್ಕೆ ಬರುತ್ತದೆ ಎಂದು ಹೇಳಿ ಕಳಿಸಿದ್ದರು. ನಾನು ಹಿಡಿದರೆ ನನ್ನ ಮೇಲೇ ಬೀಳುತ್ತಿದ್ದಳು. ಯಜಮಾನರಿಗೆ ತಾಳ್ಮೆ ಸಾಲದು. ಆಗ ಗೋವಿಂದಣ್ಣ ಬಂದ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಬಂದು, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟಕ್ಕೆ ಹೋಗುತ್ತಿದ್ದ. ಸಾಲು ಮರ, ನಡುವೆ ಒಂದೇ ಸಮನಾದ ಜಾಗ. ಒಂದು ಮರಕ್ಕೆ ಅವಳನ್ನು ಒರಗಿಸಿ ನಿಲ್ಲಿಸಿ, ತಾನು ಮುಂದಿನ ಮರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, "ಬಾರವ್ವ, ಬಾ, ನಾನಿವ್ನಿ" ಎಂದು ಕೈ ಚಾಚುತ್ತಿದ್ದ. ಅವಳು ಬೀಳುತ್ತಿದ್ದಳು. ಬಿದ್ದರೆ ಅವಳ ಪಕ್ಕದಲ್ಲೇ ತಾನೂ ಬಿದ್ದುಬಿಡುತ್ತಿದ್ದ. ಆ ಗಟ್ಟಿ ಆಳು ಮಣ್ಣಿನಲ್ಲಿ ದೊಪ್ಪನೆ ಬೀಳುವುದನ್ನು ನೋಡಲಿಕ್ಕೆಂದೇ ಅವಳು ಮತ್ತೆ ಏಳುತ್ತಿದ್ದಳು. ನಾನು ಅಡಿಗೆಮನೆಯ ಕಿಟಕಿಯಿಂದ ಇಬ್ಬರ ನಗು ಕೇಳುತ್ತಿದ್ದೆ.

ಒಂದು ಸಂಜೆ ನಗು ನಿಂತು ಕೂಗು ಕೇಳಿತು. ನಾನು ಮುದ್ದೆ ತಿರುವುತ್ತಿದ್ದ ಕೋಲು ಹಿಡಿದೇ ಓಡಿದೆ. ಚೈತ್ರ ಒಂದು ಮರದಿಂದ ಇನ್ನೊಂದಕ್ಕೆ ಯಾರನ್ನೂ ಹಿಡಿಯದೆ ಬಂದು, ಮರವನ್ನು ತಬ್ಬಿ ನಿಂತಿದ್ದಳು. ಗೋವಿಂದಣ್ಣ ಟವಲನ್ನು ಮೇಲಕ್ಕೆ ಎಸೆದು ಹಿಡಿದು, ಎಸೆದು ಹಿಡಿದು, "ನಡೆದ್ಬುಟ್ಲು ಕಮಲಕ್ಕ, ನಡೆದ್ಬುಟ್ಲು" ಎನ್ನುತ್ತಿದ್ದ. ಪುಟ್ಟಮ್ಮ ಮನೆಯಿಂದ ಬೆಲ್ಲ ತಂದು ಬೀದಿಗೆಲ್ಲ ಹಂಚಿದಳು. ನಾನೂ ಕುಣಿದೆ, ಸುಳ್ಳಲ್ಲ. ಕುಣಿದು ಮುಗಿದ ಮೇಲೆ ಅವನು ಕಣ್ಣು ಒರೆಸಿಕೊಂಡು, "ನಾನು ಕಿತ್ಕೊಂಡಿದ್ದ ಕಾಲ್ನ ದ್ಯಾವ್ರು ವಾಪಸ್ ಕೊಟ್ಟ" ಎಂದ. ಅಲ್ಲಿ ಹೇಳಬಹುದಿತ್ತು. ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಮುದ್ದೆ ತಳ ಹತ್ತುತ್ತದೆ ಎಂದು ಹೇಳಿ ಒಳಗೆ ಬಂದೆ.

ಚೈತ್ರ ತೋಟದಲ್ಲಿ ಬಿದ್ದ ದಿನದ ನಂತರ ಗೋವಿಂದಣ್ಣ ಮರ ಹತ್ತಲಿಲ್ಲ ಎಂಬುದನ್ನು ನಾನು ಹೇಳಲೇಬೇಕು. ಬುಡದವರೆಗೆ ಹೋಗಿ ಹಿಂತಿರುಗುತ್ತಿದ್ದ. ಕಾಯಿ ಸುಲಿಯುವ ಕೆಲಸಕ್ಕೆ ಇಳಿದ. ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಸುದ್ದಿ ಹೇಳುತ್ತಿದ್ದವನು ಸಿಪ್ಪೆಯ ರಾಶಿಯ ನಡುವೆ ತಲೆ ಬಗ್ಗಿಸಿ ಕೂತ. ಜನ ಕೆಟ್ಟವರಲ್ಲ, ಆದರೆ ಅವನು ನಡೆದು ಹೋಗುವಾಗ ಹೊಸಬರಿಗೆ, ಅವನೇ ಕಣ್ರೀ ಆ ಕಾಯಿ ಬೀಳಿಸಿದವನು ಎಂದು ತೋರಿಸುತ್ತಿದ್ದರು. ನನ್ನನ್ನು ತೋರಿಸಿ, ಇವರೇ ಕಣ್ರೀ ಕ್ಷಮಿಸಿದವರು ಎನ್ನುತ್ತಿದ್ದರು. ಮದುವೆ ಮನೆಗಳಲ್ಲಿ ಪುಟ್ಟಮ್ಮ ನನಗೆ ಜಾಗ ಹಿಡಿದು ಕೂರಿಸುತ್ತಿದ್ದಳು. ನಾನು ಕೂರುತ್ತಿದ್ದೆ — ಊಟವೂ ಸೇರುತ್ತಿತ್ತು, ಏನು ಹೇಳಲಿ.

ಚೈತ್ರಳಿಗೂ ಮೊದಲು ಕಾಯಿ ಬಿತ್ತೆಂದೇ ಹೇಳಿದ್ದೆ. ವರ್ಷ ವರ್ಷ ಬೆಂಗಳೂರಿಗೆ ತಪಾಸಣೆಗೆ ಹೋಗುತ್ತಿದ್ದೆವು; ತಲೆಗೆ ಪೆಟ್ಟಾದವರು ಹೋಗಬೇಕು ಎಂದು ಊರು ಒಪ್ಪಿಕೊಂಡಿತ್ತು. ಎಂಟನೇ ಕ್ಲಾಸಿನಲ್ಲಿದ್ದಾಗ ಅವಳು ಡಾಕ್ಟರಮ್ಮನನ್ನೇ ನೇರವಾಗಿ ಕೇಳಿ ಎಲ್ಲ ತಿಳಿದುಕೊಂಡಳು. ಗಡ್ಡೆಯ ಬಗ್ಗೆ ಅವಳಿಗೆ ಬೇಸರವಾಗಲಿಲ್ಲ, ತನ್ನ ಸ್ಕ್ಯಾನ್ ಚಿತ್ರ ನೋಡಿ ಹೆಮ್ಮೆಯನ್ನೇ ಪಟ್ಟಳು. ಆದರೆ ಬಸ್ಸು ಹತ್ತಿದ ಮೇಲೆ ನನ್ನ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋದಳು. ತುಮಕೂರು ದಾಟುವವರೆಗೂ ಅಲ್ಲೇ ಇದ್ದಳು. ಆಮೇಲೆ ಮುಂದಕ್ಕೆ ಬಾಗಿ ಕೇಳಿದಳು, "ಗೋವಿಂದ ಮಾವಂಗೆ ಯಾವಾಗ ಹೇಳ್ತೀಯ?" ಹೇಳ್ತೀನಿ ಕಣೇ, ನೀನು ಮಾತ್ರ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡೆ. ತನಗೆ ನಡೆಯಲು ಕಲಿಸಿದವನ ಮುಖ ನೋಡಿಕೊಂಡು ಸುಳ್ಳು ನಡೆಸುವ ಭಾರವನ್ನು ಮಗುವಿನ ಮೇಲೂ ಹೊರಿಸಿದೆ.

ಹೀಗೆಯೇ ಸಾಯುವವರೆಗೂ ಸಾಗುತ್ತಿತ್ತೇನೋ. ಈ ವರ್ಷ ಸಿಂಚನ ಬಂದಳು.

ಸಿಂಚನ ಗೋವಿಂದಣ್ಣನ ಮಗಳ ಮಗಳು, ಏಳು ವರ್ಷದವಳು. ಎರಡು ವರ್ಷದ ಕೆಳಗೆ ಪುಟ್ಟಮ್ಮ ತೀರಿಕೊಂಡ ಮೇಲೆ ಅವನು ಒಂಟಿಯಾದನೆಂದು ಮಗಳು ಈ ಕೂಸನ್ನು ತಾತನ ಜೊತೆ ಬಿಟ್ಟು ನಮ್ಮೂರ ಶಾಲೆಗೇ ಸೇರಿಸಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅವನು ನಮ್ಮ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದ. ಕೂಸು ಟಿವಿ ನೋಡುತ್ತಿತ್ತು. ತಲೆ ಒಂದು ಪಕ್ಕಕ್ಕೆ ಓರೆ. ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಇದ್ಯಾಕೆ ತಲೆ ಹಂಗೆ ಮಾಡ್ತಾಳೆ ಗೋವಿಂದಣ್ಣ" ಎಂದೆ.

"ಏನೋ ಕಣಕ್ಕ, ಒಂದು ತಿಂಗ್ಳಿಂದ ಹಂಗೇ. ತಲೆನೋವು ಅಂತಾಳೆ. ಬೆಳಿಗ್ಗೆ ಹೊತ್ತು ಒಂದೊಂದ್ಸಲ ವಾಂತೀನೂ ಮಾಡ್ಕೊತಾಳೆ. ಪಿತ್ತ ಐತೆ, ಜೀರ್ಗೆ ಕಷಾಯ ಕೊಡ್ತಾ ಇವ್ನಿ."

"ಡಾಕ್ಟ್ರಿಗೆ ತೋರ್ಸಿದ್ಯಾ?"

ಅವನು ನಕ್ಕ. ನನ್ನನ್ನು ಸಮಾಧಾನ ಮಾಡುವವನಂತೆ, ಪಾಪ, ಎಷ್ಟು ಮೃದುವಾಗಿ ಹೇಳಿದ. "ನೀವು ಚೈತ್ರನ್ನ ನೆನೆಸ್ಕೊಂಡು ಹೆದರ್ಕೊಬ್ಯಾಡಿ. ಇವಳ ತಲೆ ಮ್ಯಾಲೆ ಏನೂ ಬಿದ್ದಿಲ್ಲ. ತೋಟದ ಕಡೀಕೇ ಬುಡಾಕಿಲ್ಲ ನಾನು."

ಚೈತ್ರ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಾಚಣಿಗೆ, ಅರ್ಧ ಹೆಣೆದ ಜಡೆ. ನನ್ನನ್ನು ನೋಡಿ, "ಅಮ್ಮ, ನೀನು ಹೇಳ್ತೀಯೋ ನಾನು ಹೇಳ್ಲೋ" ಎಂದಳು.

ನಾನು ಹೇಳಿದೆ. ನಿಂತೇ ಹೇಳಿದೆ, ಕೂರಲು ಧೈರ್ಯವಾಗಲಿಲ್ಲ. ಕಾಯಿ ಬೀಳಲಿಲ್ಲ, ತಲೆಯೊಳಗೆ ಗಡ್ಡೆ ಇತ್ತು, ಅದಕ್ಕೂ ಮೊದಲು ಹೀಗೆಯೇ ವಾಂತಿ, ಹೀಗೆಯೇ ಓರೆ — ನನಗೆ ಅವತ್ತೇ ಗೊತ್ತಿತ್ತು, ಗೊತ್ತಿದ್ದೂ ನಿನ್ನನ್ನು ಕ್ಷಮಿಸಿದೆ. ವಾಕ್ಯ ಒಂದಕ್ಕೊಂದು ಸೇರದೆ, ತೊದಲಿ, ನುಂಗಿ, ಹೇಗೋ ಹೊರಗೆ ಬಂತು. ಅವನು ಕಾಫಿ ಲೋಟವನ್ನು ಕೆಳಗಿಟ್ಟ.

"ಹಂಗಾರೆ ನನ್ ಕಾಯಿ?" ಎಂದ.

"ಬದುವಿನ ಮೇಲೆ ಬಿತ್ತು. ಉರುಳ್ಕೊಂಡು ಕಾಲ್ವೆಗೆ ಹೋಯ್ತು. ನಾನೇ ನೋಡ್ದೆ."

"ನೋಡಿದ್ರಾ."

"ನೋಡಿದ್ದೆ."

ಬೈಯುತ್ತಾನೆಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಅದಕ್ಕೇ ಏನೋ ಅವನು ಬೈಯಲಿಲ್ಲ. ಎದ್ದು ಒಳಗೆ ಹೋಗಿ ಟಿವಿ ಆರಿಸಿ, ಕೂಸನ್ನು ಎತ್ತಿಕೊಂಡ. "ನನ್ ಲೆಕ್ಕ ಆಮ್ಯಾಕೆ. ಈಗ ಮಗೀನ ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಹೇಳಿ" ಎಂದ.

ತಿಪಟೂರಿಗೆ ಹೋದೆವು, ಅಲ್ಲಿಂದ ಬೆಂಗಳೂರಿಗೆ ಹೋದೆವು. ದಾರಿಯುದ್ದಕ್ಕೂ ಅವನು ನನ್ನ ಜೊತೆ ಮಾತಾಡಲಿಲ್ಲ, ಚೈತ್ರಳ ಕೈಯನ್ನು ಮಾತ್ರ ಬಿಡಲಿಲ್ಲ. ಕೂಸು ಸ್ಕ್ಯಾನ್ ಮಾಡುವ ಯಂತ್ರದೊಳಗೆ ಹೋಗಲು ಹೆದರಿದಾಗ ಚೈತ್ರ ಅವಳ ಮುಂದೆ ಕೂತು, ತನ್ನ ಕೂದಲು ಎತ್ತಿ ಹಿಂದಲೆಯ ಗಾಯದ ಗುರುತು ತೋರಿಸಿ, ಒಳಗಿನ ಒಂದೊಂದು ಸದ್ದನ್ನೂ ಬಾಯಲ್ಲಿ ಮಾಡಿ ತೋರಿಸಿದಳು. ಟ್ರ್ಯಾಕ್ಟರ್ ಸದ್ದು, ಗಿರಣಿ ಸದ್ದು, ಹಾಳಾದ ಬೋರ್‌ವೆಲ್ ಮೋಟರಿನ ಸದ್ದು. ಕಾಯುತ್ತಿದ್ದ ಬೇರೆ ತಾಯಂದಿರೂ ನಗತೊಡಗಿದರು. ಒಬ್ಬಳು ಮಡಿಲಲ್ಲಿದ್ದ ಬೋಳುತಲೆಯ ಗಂಡುಮಗುವಿನ ಬೆನ್ನು ಸವರುತ್ತ, ನಿಮಗೆ ಆಗಿ ಎಷ್ಟು ವರ್ಷವಾಯಿತು ಎಂದು ಚೈತ್ರಳನ್ನು ಕೇಳಿದಳು. ಹದಿಮೂರು ಎಂದಾಗ ಆ ತಾಯಿಯ ಮುಖ ಅರಳಿದ್ದನ್ನು ನಾನು ಬರೆಯಲಾರೆ. ಮುಚ್ಚಿಟ್ಟುಕೊಳ್ಳಬೇಕೆಂದು ನಾನು ಅಷ್ಟು ಕಷ್ಟಪಟ್ಟದ್ದು ಇದನ್ನೇ.

ಸಿಂಚನಳ ತಲೆಯಲ್ಲಿ ಏನೂ ಇರಲಿಲ್ಲ. ಕಣ್ಣಿನ ದೋಷ. ಒಂದು ಕಣ್ಣು ಬಹಳ ಮಂದವಾಗಿ, ಇನ್ನೊಂದರಿಂದಲೇ ನೋಡಲು ಹೋಗಿ ತಲೆ ಓರೆಯಾಗುತ್ತಿತ್ತು; ತಲೆನೋವೂ ವಾಂತಿಯೂ ಅರೆತಲೆನೋವಿನಿಂದ. ತಂದು ತೋರಿಸಿದ್ದು ಒಳ್ಳೆಯದೇ ಆಯಿತು, ಬಿಟ್ಟಿದ್ದರೆ ಆ ಕಣ್ಣು ಹೋಗುತ್ತಿತ್ತು ಎಂದರು ಡಾಕ್ಟರು. ಗೋವಿಂದಣ್ಣ ಅವರಿಗೂ ಕೈಮುಗಿದ, ಪಕ್ಕದಲ್ಲಿದ್ದ ಕಸ ಗುಡಿಸುವ ಹೆಂಗಸಿಗೂ ಮುಗಿದ, ಗೋಡೆಯ ಮೇಲಿನ ಕ್ಯಾಲೆಂಡರಿಗೂ ಮುಗಿದ. ಮುಂದಿನ ವಾರ ಕನ್ನಡಕ ಬಂತು. ತಿಪಟೂರಿನಿಂದ ಬಸ್ಸಿನಲ್ಲಿ ಬರುವಾಗ ಆ ಕೂಸು ಕಿಟಕಿಗೆ ಮೂಗು ಒತ್ತಿ ಕಂಡ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿತು. ಕೊಬ್ಬರಿ ಮಂಡಿ, ಹೇರ್ ಕಟಿಂಗ್, ಇಲ್ಲಿ ಮೂತ್ರ ಮಾಡಬಾರದು. ಕಂಡಕ್ಟರು ನಗುತ್ತ ಮುಂದಿನ ಸೀಟು ಬಿಡಿಸಿ ಕೊಟ್ಟ. ತಾತ ಎಲ್ಲದಕ್ಕೂ ಹೂಂ, ಹೂಂ ಎನ್ನುತ್ತಿದ್ದ.

ಬಸ್ಸಿಳಿದ ಮೇಲೆ ಅವನು ಮೊದಲ ಸಲ ನನ್ನ ಕಡೆ ತಿರುಗಿದ. "ನಾನು ಯಾರಿಗೂ ಹೇಳಾಕಿಲ್ಲ ಕಮಲಕ್ಕ. ಹೇಳೋದಾದ್ರೆ ನೀವೇ ಹೇಳ್ಬೇಕು."

ಮಾರನೆಯ ಬೆಳಿಗ್ಗೆ ಹಾಲಿನ ಡೈರಿಗೆ ಹೋದೆ. ಊರಿನವರೆಲ್ಲ ಒಂದೇ ಹೊತ್ತಿಗೆ ಸಿಗುವ ಜಾಗ ಅದೊಂದೇ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಮುಂದೆ ನಿಂತು, ನನ್ನ ಮಗಳಿಗೆ ತಲೆಯಲ್ಲಿ ಗಡ್ಡೆ ಇತ್ತು, ಗೋವಿಂದಣ್ಣನ ಕಾಯಿ ಅವಳ ಮೇಲೆ ಬೀಳಲಿಲ್ಲ, ನಾನು ನಿಮಗೆಲ್ಲ ಸುಳ್ಳು ನಂಬಿಸಿದೆ ಎಂದೆ. ಚೈತ್ರ ಪಕ್ಕದಲ್ಲಿ ನಿಂತಿದ್ದಳು. ಹಾಲು ಅಳೆಯುವ ಹುಡುಗ ಅಳೆಯುವುದನ್ನು ಮರೆತ. ಆಮೇಲೆ ಮಾತು ಶುರುವಾಯಿತು. "ಅಲ್ಲ ಕಮಲಕ್ಕ, ನಾವು ನಿಮ್ಮನ್ನ ದೇವ್ರಂಥೋರು ಅಂತಿದ್ವಲ್ಲ" ಎಂದಳು ಒಬ್ಬಳು. ಇನ್ನೊಬ್ಬಳು ಮುಖ ತಿರುಗಿಸಿಕೊಂಡು ಹೋದಳು, ಇವತ್ತಿಗೂ ಮಾತಾಡಿಸಿಲ್ಲ. ಮೂವರು ನಾಲ್ವರು ಹೆಂಗಸರು ಮಾತ್ರ ಚೈತ್ರಳನ್ನು ಸುತ್ತುವರಿದು, ಮಕ್ಕಳಲ್ಲಿ ಏನೇನು ಕಂಡರೆ ತೋರಿಸಬೇಕು ಎಂದು ಕೇಳತೊಡಗಿದರು. ಅವಳಿಗೆ ಅಷ್ಟೇ ಬೇಕಿತ್ತು. ಬಸ್ಸು ತಪ್ಪಿಸಿಕೊಂಡು ಪಾಠ ಮಾಡಿದಳು.

ಗೋವಿಂದಣ್ಣ ಆ ದಿನವೆಲ್ಲ ಹೊಸ ಅಳಿಯನಂತೆ ಬೀದಿ ಸುತ್ತಿದ. ಸಿಕ್ಕವರನ್ನೆಲ್ಲ ನಿಲ್ಲಿಸಿ, "ನನ್ ಕಾಯಲ್ವಂತೆ ಕಣ್ಲಾ ಅದು" ಎಂದು ಹೇಳಿದ. ಕಂದಿಕೆರೆಯಲ್ಲಿರುವ ತಂಗಿಗೆ ಫೋನು ಮಾಡಿ ಹೇಳಿದ. ಅವನ ದನಿ ಮೊದಲಿನಂತೆ ಊರಿಗೆಲ್ಲ ಕೇಳುತ್ತಿತ್ತು. ನಮ್ಮ ಯಜಮಾನರು ಜಗಲಿಯಿಂದಲೇ ಅದನ್ನು ಕೇಳಿ, ಎಷ್ಟು ಕಾಲವಾಗಿತ್ತು ಎಂದರು. ನನಗೂ ಸಂತೋಷವಾಯಿತು. ಆ ಸಂತೋಷಪಡಲು ನನಗೆ ಹಕ್ಕಿದೆಯೇ ಎಂದು ಕೇಳಿದರೆ ಇಲ್ಲ, ಆದರೂ ಆಯಿತು.

ಸಂಜೆ ಅವನು ಬಂದು ಜಗಲಿಯ ಮೇಲೆ ಕೂತ. ಕೂಸು ಕನ್ನಡಕ ಏರಿಸಿಕೊಂಡು ಚೈತ್ರಳ ಜೊತೆ ಕುಂಟೆಬಿಲ್ಲೆ ಆಡುತ್ತಿತ್ತು. ಒಬ್ಬಳು ವಾಲುತ್ತಾಳೆ, ಒಬ್ಬಳಿಗೆ ಗೆರೆ ಕಾಣುವುದಿಲ್ಲ ಎಂದು ಇಬ್ಬರೂ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಿದ್ದರು. ಅವನು ಅದನ್ನು ನೋಡಿ ನಕ್ಕ. ನಗು ಮುಗಿದ ಮೇಲೆ ನನ್ನ ಕಡೆ ನೋಡದೆಯೇ ಹೇಳಿದ.

"ನಂಗೆ ಹೋಯ್ತು ಬುಡಿ ಕಮಲಕ್ಕ, ಎದೆ ಮ್ಯಾಲಿಂದು. ಪುಟ್ಟಿ ಮಾತ್ರ, ನನ್ ಗಂಡ ಒಂದ್ ಮಗೀನ ತಲೆ ಒಡೆದ ಅಂದ್ಕಂಡೇ ಹೋದ್ಲು."

ಪುಟ್ಟಮ್ಮ ಸತ್ತ ದಿನ ನಾನು ಅಲ್ಲಿದ್ದೆ. ಬಾಯಿಗೆ ನೀರು ಬಿಟ್ಟವರಲ್ಲಿ ನಾನೂ ಒಬ್ಬಳು. ಕಣ್ಣು ಮುಚ್ಚುವ ಮೊದಲು ಅವಳು ನನ್ನ ಕೈ ಹಿಡಿದು, ಗಂಡನ ಕಡೆ ನೋಡಿ, ಮತ್ತೆ ನನ್ನ ಕಡೆ ನೋಡಿದಳು. ಇನ್ನೊಂದು ಸಲ ಕ್ಷಮಿಸು ಎಂಬಂತೆ ನೋಡಿದಳು. ನಾನು ಆಗಲೂ ತಲೆಯಾಡಿಸಿದೆ.

ಹಿರಿಯರಿಗೆ ಎಡೆ ಇಡುವ ಹಬ್ಬ ಬರುತ್ತಿದೆ. ಪುಟ್ಟಮ್ಮನಿಗೆ ಹುರುಳಿ ಬಸ್ಸಾರು ಇಷ್ಟ, ನಾನೇ ಮಾಡಿಕೊಂಡು ಹೋಗುತ್ತೇನೆ. ಗೋವಿಂದಣ್ಣ ಬಾ ಎಂದಿಲ್ಲ, ಬೇಡ ಎಂದೂ ಹೇಳಿಲ್ಲ. ಎಡೆ ಇಟ್ಟ ಮೇಲೆ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬರುವ ಮೊದಲು, ನಿನ್ನ ಗಂಡ ಏನೂ ಮಾಡಲಿಲ್ಲ ಪುಟ್ಟಮ್ಮ ಎಂದು ಅವಳ ಫೋಟೋದ ಮುಂದೆ ಹೇಳುತ್ತೇನೆ. ಅವಳಿಗೆ ಕೇಳಿಸುತ್ತದೋ ಇಲ್ಲವೋ ನನಗೆ ತಿಳಿಯದು. ಬದುಕಿದ್ದಾಗ ಹೇಳಿದ್ದರೆ ಖಂಡಿತ ಕೇಳಿಸುತ್ತಿತ್ತು.